ಬೋಟ್ ಬರೋತನಕ

ಇಲ್ಲಕ್ಕ, ಅಂಜಬ್ಯಾಡ ಅಂತೀನಲ್ಲ! ನಾ ಎಲ್ಲಿ ಅಂಜೀನಿ? ಮಳ್ಯಾಗ ತೊಯ್ಸಿಕೊಂಡು ಓಡಿ ಬಂದೀನಿ, ಅಷ್ಟ. ನೀ ಮೊದಲು ನಿನ್ನ ಮಗಳು ಅಂಬಿಕಾಗ ಫೋನ್ ಹಚ್ಚು. ಕಾಗಿಣಾ ಹೊಳಿ ಏರಲಿಕತ್ತದ, ಆಚಿ ಹೊಲದಾಗಿನ ಮಂದೀನ್ನೆಲ್ಲ ಕರ್ಕೊಂಡು ಕಲ್ಲಖಣಿ ಒಡ್ಡಿನ ಮ್ಯಾಲೆ ನಡಕೋತ ಬಾ ಅಂತ ಹೇಳು. ಒಡ್ಡಿಗೆ ಇನ್ನೂ ನೀರು ಬಂದಿಲ್ಲ. ಈಗ ಬಂದಿಲ್ಲ… ಸಂಜಿಮಟ ಉಳಿಯಂಗಿಲ್ಲ ಅದು.

ಯಾಕ ಹಂಗ ನೋಡ್ತಿ? ಹಚ್ಚಕ್ಕ!

ಗೊತ್ತದ, ಗೊತ್ತದ. 'ಹೊಳಿ ಬಂದ್ರ ಎಲ್ಲೂ ಹೋಗಬ್ಯಾಡ್ರಿ, ದಿಬ್ಬ ಏರಿ ಕುಂದ್ರಿ, ನಮ್ಮ ಸಂಸ್ಥಾದ ಬೋಟ್ ಬರ್ತದ.' ನಾವೇ ಕಲಿಸಿದ್ದು. ನಾ ನಿನಗ ಕಲಿಸ್ದೆ, ನೀ ಊರಿಗೆಲ್ಲ ಕಲಿಸ್ದಿ. ಎಷ್ಟು ಬೈಸ್ಕೊಂಡಿ ಆವಾಗ! ಈಗ ಮುದುಕರು ಸೈತ ನಿನ್ನ ಮಾತು ಮೀರಂಗಿಲ್ಲ. ಅದಕ್ಕೇ ಅಕ್ಕ, ನಾ ಹೇಳಿದ್ರ ಯಾರೂ ಕದಲಂಗಿಲ್ಲ. ನೀ ಹೇಳ್ಬೇಕು.

ಬೋಟಾ? ಬರ್ತದಲ್ಲ… ರಿಪೇರಿಗೆ ಶಹಾಬಾದಕ್ಕ ಹೋಗ್ಯಾದ ಅಂತ ಹೇಳಿದ್ದಿಲ್ಲ? ಆಗ್ಯಾದ, ಆಗ್ಯಾದ. ದಾರ್ಯಾಗ ಅದ. ಆದ್ರ ಒಂದು ವ್ಯಾಳ್ಯಾ ತಡ ಆದ್ರ… ಸುಮ್ಮ ಹೇಳಿದೆ.

ನಗಬ್ಯಾಡಕ್ಕ. ಇದು ನಗೋ ಹೊತ್ತಾ?

ಹೌದು, ಯುಗಾದಿ ಮುಂದ ಹೋಗಿದ್ದು. ಇಂಜಿನ್ ಕೆಲಸ ಅಂದ್ರ… ಸಾಮಾನು ಸಿಗಂಗಿಲ್ಲ… ಆ ಮಿಸ್ತ್ರಿನೂ…

ಫೋನ್ ಯಾಕ ಕೆಳಗಿಟ್ಟಿ ಮಾರಾಯ್ತಿ! ಬೈ, ಬೇಕಾದ್ರ ಹೊಡಿ. ಖರೆ ಹೇಳೋತನಕ ಹಚ್ಚಂಗಿಲ್ಲಂದ್ರ ಹೆಂಗ?

ಆತು. ಕೇಳು. ಹೆಡ್ ಆಫೀಸಿನವರು ಐದು ವರ್ಷದ ಹೊಸ ಯೋಜನಾ ಮಾಡ್ಯಾರ. ಸೇಡಂ, ಚಿತ್ತಾಪುರ, ಚಿಂಚೋಳಿ ಆಫೀಸು ಎಲ್ಲಾ ಸೇರಿಸಿ ಒಂದೇ. ಬೋಟೆಲ್ಲ ಕಲಬುರಗ್ಯಾಗ ಇರ್ತಾವ, ಹೊಳಿ ಬಂದ್ರ ಫೋನ್ ಮಾಡ್ಬೇಕು, ಅಲ್ಲಿಂದ ಕಳಿಸ್ತಾರ. 'ದೇವೀಂದ್ರಪ್ಪ, ಊರೂರಿಗೆ ಹೋಗಿ ಮಂದಿಗೆ ತಿಳಿಸಿ ಒಪ್ಪಿಸ್ರಿ, ಗದ್ದಲ ಆಗಬಾರದು' ಅಂದ್ರು. ಗದ್ದಲ ಆಗಲಿಲ್ಲ ಅಂದ್ರ ಹೊಸ ಆಫೀಸಿಗೆ ನೀವೇ ದೊಡ್ಡವರು ಅಂತನೂ ಅಂದ್ರು. ನಾ ಬಂದೆ ಅಕ್ಕ, ಹೇಳಬೇಕಂತನೇ ಬಂದೆ! ನೀ ಚಹಾ ಕೊಟ್ಟು, ಬೋಟ್ ಎಲ್ಲಿಗೆ ಒಯ್ದ್ರು ಅಂತ ಕೇಳ್ದಿ. ರಿಪೇರಿ ಅಂತ ಬಾಯಿಗೆ ಬಂದುಬಿಡ್ತು. ಮಳಿ ಸುರು ಆಗೋದ್ರಾಗ ಹೇಳಿದ್ರಾತು ಅನ್ಕೊಂಡೆ. ಹೆಡ್ ಆಫೀಸಿನವರಿಗೆ… ಮಂದಿ ಎಲ್ಲಾ ಒಪ್ಪ್ಯಾರ್ರಿ ಅಂದೆ.

ಕಲಬುರಗಿಗೆ ಮುಂಜಾನಿಂದ ಫೋನ್ ಮಾಡಾಕತ್ತೀನಿ. ಭೀಮಾ ಹೊಳಿನೂ ತುಂಬಿ ಬಂದದ, ಇದ್ದಬದ್ದ ಬೋಟೆಲ್ಲ ಸನ್ನತಿ ಕಡಿ ಹೋಗ್ಯಾವಂತ. ಇವತ್ತ ಇಲ್ಲಂತ. ಭಾಳ ಅಂಜಿಕಿ ಆಗ್ಯಾದ ಅಕ್ಕ ನನಗ. ಅವರು ಬೋಟಿನ ಹಾದಿ ನೋಡಕೋತ ದಿಬ್ಬದ ಮ್ಯಾಲೆ ಕುಂತಿರ್ತಾರ, ಅದು ಮುಳುಗಿದ್ರೂ ಏಳಂಗಿಲ್ಲ ಅವರು…

ಹಚ್ಚಿದೇನು? ಹಾಂ, ರಿಂಗ್ ಆಗಲಿಕತ್ತದ. ನನ್ನ ಕೈಯಾಗ ಯಾಕ ಕೊಡ್ತಿ? ಬ್ಯಾಡಕ್ಕ! ಕಾಲು ಬೀಳ್ತೀನಿ, ನೀನೇ ಹೇಳು… ಅಕ್ಕ…

ಹಲೋ. ಅಂಬಿಕಾ? ನಾನವ್ವಾ, ದೇವೀಂದ್ರಪ್ಪ. ಬೋಟ್ ಬರಂಗಿಲ್ಲ. ಹಾದಿ ನೋಡಬ್ಯಾಡ್ರಿ, ಎಲ್ಲಾರೂ ಎದ್ದು ಒಡ್ಡಿನ ಮ್ಯಾಲೆ ನಡೀರಿ. ಈಗಿಂದೀಗ! ರಿಪೇರಿ ಇಲ್ಲವ್ವಾ, ನಾ ಸುಳ್ಳ ಹೇಳಿದ್ದೆ… ಇಲ್ಲ, ಇಲ್ಲ, ನಿಮ್ಮವ್ವಗ ಗೊತ್ತಿದ್ದಿಲ್ಲ. ಇಲ್ಲೇ ನನ್ನ ಮುಂದ ಕುಂತಾಳ… ಆಕಿಗೂ ಈಗಷ್ಟ ಗೊತ್ತಾತು.