ಭಾವನ ಪೆಟ್ರೋಲು, ಭಾಮೈದನ ಬ್ಯಾಟರಿ

ಪೆಟ್ರೋಲ್ ಬಂಕಿನ ಮುಂದಿನ ಸಾಲು ಹೊಳೆಯ ದಂಡೆ ಮುಟ್ಟಿತ್ತು. ಖಾಲಿ ಕ್ಯಾನು ಹಿಡಿದು ನಿಂತ ದೋಣಿಯವನ ಹೊಟ್ಟೆಯುರಿಗೆ ಇಡೀ ಬಂಕೇ ಹೊತ್ತಿಕೊಳ್ಳಬೇಕಿತ್ತು. ತನ್ನ ಪುಟ್ಟ ದೋಣಿಗೆ ಬ್ಯಾಟರಿ ಮೋಟರು ಹಾಕಿಸಿದ್ದ ಭಾಮೈದ ಬೇಕೆಂದೇ ಮಾತಾಡಿಸಲು ಬಂದಿದ್ದ.

“ಹೊಗೆ ಇಲ್ಲ, ಸದ್ದಿಲ್ಲ, ಭಾವ.”

“ಗೊತ್ತು ಬಿಡಪ್ಪಾ! ನಿಮ್ಮಕ್ಕ ದಿನಾ ಅದನ್ನೇ ಜಪ ಮಾಡ್ತಾಳೆ. ಗಂಡನ ದೋಣಿ ಬಿಟ್ಟು ನಿನ್ನದರಲ್ಲೇ ಹೊಳೆ ದಾಟ್ತಾಳಲ್ಲ!”

“ನನ್ನ ದೋಣೀಲಿ ಆಡಿದ ಮಾತು ಕೇಳಿಸುತ್ತಂತೆ.”

“ಅಷ್ಟೊಂದು ಏನು ಮಾತು?”

“ನಿಮ್ಮದೇ. ಮದುವೆಯಾದಾಗಿಂದ ನಿಮ್ಮ ಇಂಜಿನ್ ಪಕ್ಕ ಕೂತು ಎಷ್ಟೋ ಹೇಳಿದ್ಲಂತೆ. ನೀವು ಎಲ್ಲದಕ್ಕೂ ಸುಮ್ಮನೆ ತಲೆಯಾಡಿಸಿದ್ರಂತೆ.”

“ಏನು ಹೇಳಿದ್ಲೋ?”

“ನಾನ್ಯಾಕೆ ಹೇಳಲಿ?”

ಅಷ್ಟರಲ್ಲಿ ಪೆಟ್ರೋಲಿನ ಸರದಿ ಬಂತು. ಭಾವ ಕ್ಯಾನು ಮುಂದಕ್ಕೆ ಒಡ್ಡಲಿಲ್ಲ.

“ನಡಿಯೋ. ಇವತ್ತು ನಾನೂ ನಿನ್ನ ದೋಣೀಲೇ. ಅವಳ ಪಕ್ಕ ನಾನು ಕೂರ್ತೀನಿ.”