ಹಿಂದೆ ಬಾರದ ನಂಬರು

ಪೇಟೆಯ ದಡದಲ್ಲಿ ಗಿಮರಾಸ್ ದ್ವೀಪಕ್ಕೆ ಹೋಗುವ ದೋಣಿಗೆ ಒಣಮೀನಿನ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತಿದ್ದ ನೆನಿಟಾಳ ಬೆನ್ನ ಹಿಂದೆಯೇ ಜಗಳ ಶುರುವಾಯಿತು. ದ್ವೀಪದ ಸೂಲಗಿತ್ತಿ ಹರ್ಮಿನಿಯಾ, ಫೋನು ರಿಪೇರಿಯ ರೋಡೆಲ್‌ನನ್ನು ಪೇಟೆಯಿಂದ ದ್ವೀಪಕ್ಕೆ ಎಳೆದುಕೊಂಡು ಹೊರಟಿದ್ದಳು.

“ಇಂಟರ್ನೆಟ್ ಫೋನು, ನೀವು ಹೋದಲ್ಲೆಲ್ಲ ನಂಬರೂ ಹಿಂದೇನೇ ಬರತ್ತೆ ಅಂದಿದ್ದೆ ತಾನೆ?”

“ಬರತ್ತಕ್ಕಾ. ಹೊಸ ಕಡೆ ಲಾಗಿನ್ ಆಗ್ಬೇಕಷ್ಟೆ.”

“ಕ್ಲಿನಿಕ್ಕು ದ್ವೀಪಕ್ಕೆ ಹೋಗಿ, ಅಲ್ಲಿ ಲಾಗಿನ್ ಆಗಿ ಮೂರು ವಾರ ಆಯ್ತಪ್ಪಾ! ಇನ್ನೂ ಪೇಟೆಯ ಹಳೇ ಕ್ಲಿನಿಕ್ಕಲ್ಲೇ ಹೊಡ್ಕೊಳತ್ತೆ. ಅಲ್ಲಿನ ಕಾವಲುಗಾರ ಎತ್ತಿ ಮಾತಾಡ್ತಾನೆ.”

“ಹಳೇ ಕಡೆ ಲಾಗೌಟ್ ಮಾಡಿಲ್ಲ ನೀವು.”

“ನಾನು ಹೆರಿಗೆ ಮಾಡಿಸ್ಲೋ, ಲಾಗೌಟ್ ಮಾಡ್ತಾ ಕೂತಿರ್ಲೋ?”

ಅಷ್ಟರಲ್ಲಿ ಹರ್ಮಿನಿಯಾಳ ಸ್ವಂತ ಮೊಬೈಲು ಕೂಗಿತು. ಅದೇ ಕಾವಲುಗಾರ.

“ಯಾರು? ನಮ್ಮ ದ್ವೀಪದ ಡೆಲಿಯಾ? ನೋವು ಬಂದ್ಬಿಟ್ಟಿದ್ಯಾ? ಅಲ್ಲಿಗ್ಯಾಕೆ ಬಂದ್ಲು? ಫೋನೆತ್ತಿ ‘ಇಲ್ಲಿಗೇ ಬನ್ನಿ’ ಅಂದಿದ್ದು ನೀನೇನಾ!”

ಅವಳು ರೋಡೆಲ್‌ನತ್ತ ತಿರುಗಿದಳು.

“ನೋಡಯ್ಯಾ, ನಂಬರು ನನ್ನ ಹಿಂದೆ ಬರ್ಲಿಲ್ಲ. ತುಂಬು ಬಸುರಿ ನಂಬರಿನ ಹಿಂದೆ ಸಮುದ್ರ ದಾಟಿ ಬಂದಿದಾಳೆ.”

“ಅಕ್ಕಾ, ದೋಣಿ ಬಂತು...”

“ದೋಣಿ ಹಾಳಾಗ್ಲಿ, ನಡಿ! ನಾನು ಮಗು ಎತ್ಕೊಳ್ಳೋದ್ರೊಳಗೆ ನೀನು ಆ ಫೋನಿನ ವೈರು ಕಿತ್ತಿರ್ಬೇಕು.”

ನೆನಿಟಾ ಬುಟ್ಟಿ ಸರಿಸಿ ದಾರಿ ಬಿಟ್ಟಳು. ಸೂಲಗಿತ್ತಿ ಮುಂದೆ, ಅವಳ ಚೀಲ ಹೊತ್ತು ರೋಡೆಲ್ ಹಿಂದೆ, ಇಬ್ಬರೂ ರಸ್ತೆಯತ್ತ ಓಡಿದರು.