ಗಿಟಾರಿನ ಹೊಟ್ಟೆಯೊಳಗಿನ ಬಟ್ಟೆ

ವಾದ್ಯ ರಿಪೇರಿ ಅಂಗಡಿಯಲ್ಲಿ ಪಿಟೀಲು ಹಿಡಿದು ಸರದಿಗೆ ಕಾಯುತ್ತಿದ್ದ ಮೇಷ್ಟ್ರಿಗೆ, ಮುಂದೆ ನಿಂತ ಹೆಂಗಸಿನ ಮಾತು ಬೇಡವೆಂದರೂ ಕಿವಿಗೆ ಬಿತ್ತು.

“ಅಗ್ಗದ ಹಳೇ ಗಿಟಾರು ಅಂತ ಯಾರಂತಾರೆ ಈಗ? ತಂತಿ ತಗ್ಗಿಸಿದೀನಿ, ಬೆರಳು ನೋಯಲ್ಲ,” ಎಂದ ರಿಪೇರಿಯವನು. “ದನಿಯಂತೂ ಗಂಟೆ ಹೊಡೆದಂಗಿದೆ. ಯಾವ ಪುಣ್ಯಾತ್ಮರೋ ಹೊಟ್ಟೆಯೊಳಗೆ ಬಟ್ಟೆ ತುರುಕಿದ್ರು!”

“ನಾನೇ. ನಮ್ಮ ಯಜಮಾನ್ರು ಬಾರಿಸಿದ್ರೆ ಪಾಪು ಎದ್ದುಬಿಡ್ತಿದ್ಲು.”

“ಅಯ್ಯೋ, ಮತ್ತೆ ಬೇರೆ ಬಟ್ಟೆ ತುರುಕ್ಲಾ ಅಕ್ಕ?”

“ಬೇಡಪ್ಪ. ಇನ್ನೆಷ್ಟು ಜೋರಾಗಿ ಬಾರಿಸಿದ್ರೂ ಅವಳು ಏಳಲ್ಲ.”

ರಿಪೇರಿಯವನು ಗಿಟಾರನ್ನು ಮೆಲ್ಲಗೆ ಅವಳತ್ತ ಸರಿಸಿದ.

“ಆ ಬಟ್ಟೆ ಅವಳ ಫ್ರಾಕು, ಕೊಡಪ್ಪ. ಉಳಿದಿದ್ದೆಲ್ಲ ಅವರಿವರಿಗೆ ಕೊಟ್ಟುಬಿಟ್ವಿ.”

“ಅದನ್ನ ನಿನ್ನೆನೇ ಕಸದ ಗಾಡಿಗೆ ಹಾಕ್ಬಿಟ್ಟೆ, ಅಕ್ಕ…”

ಅವಳು ಗಿಟಾರನ್ನೆತ್ತಿಕೊಂಡು, ಒಂದು ತಂತಿಯೂ ಮಿಡಿಯದಂತೆ ಅಂಗೈ ಒತ್ತಿ ಹಿಡಿದು, ಮೆಲ್ಲಗೆ ಮೆಟ್ಟಿಲಿಳಿದು ಹೋದಳು.